ಕಿವಿಗುರುತು

ಗೋಥೆನ್‌ಬರ್ಗಿನ ಆಸ್ಪತ್ರೆ, ಆರನೇ ಮಹಡಿ.
ಕೆಳಗೆ ಟ್ರಾಮು ತಿರುವಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತೀಡಿ ಕಿರುಚುತ್ತದೆ.
ನನ್ನೆದೆಯಲ್ಲಿ ಬಡಿತವಿಲ್ಲ. ಗುಂಯ್‌ಗುಡುವ ಒಂದು ಪಂಪು,
ಹೊಟ್ಟೆಯ ತೂತಿನಿಂದ ಹೊರಬಂದ ತಂತಿ,
ಸೊಂಟಕ್ಕೆ ಎರಡು ಬ್ಯಾಟರಿ.
ಮೊನ್ನೆ ಹೊಸ ನರ್ಸ್ ಹುಡುಗಿ ಮಣಿಕಟ್ಟು ಹಿಡಿದು
ನಾಡಿ ಸಿಗದೆ ಬಿಳಿಚಿಕೊಂಡಳು.
ನಾನೇ ಸಮಾಧಾನ ಹೇಳಿದೆ: ಇದ್ದೇನಮ್ಮ, ಇದ್ದೇನೆ.

ನಮ್ಮ ಐಸ್‌ಲ್ಯಾಂಡಿನಲ್ಲಿ ಹೃದಯ ಬದಲಿಸುವವರಿಲ್ಲ.
ಅದಕ್ಕೇ ಸಮುದ್ರ ದಾಟಿಸಿ ಇಲ್ಲಿ ತಂದಿಟ್ಟಿದ್ದಾರೆ.
ಇವತ್ತಿಗೆ ನೂರ ಹನ್ನೆರಡು ದಿನ.
ಪಕ್ಕದ ಮಂಚದ ಬೆರ್ಟಿಲ್ ಕಾಯುತ್ತಿರುವುದು ಶ್ವಾಸಕೋಶಕ್ಕೆ.
ಇಲ್ಲಿ ಯಾರೂ ಸಾವು ಅನ್ನುವುದಿಲ್ಲ,
‘ಕರೆ’ ಅನ್ನುತ್ತಾರೆ. ಕರೆ ಬಂತಾ? ಬರುತ್ತೆ ಬಿಡಿ.
ರಸ್ತೆಯ ಮೇಲೆ ಮಂಜು ಗಾಜುಗಟ್ಟಿದೆ, ನಿಧಾನ ಹೋಗಿ, ಎಂದು
ಶುಕ್ರವಾರ ಸಂಜೆ ರೇಡಿಯೋ ಹೇಳುವಾಗ
ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ನಿನ್ನೆ ರಾತ್ರಿ ಕನಸಿನಲ್ಲಿ ಸೆಪ್ಟೆಂಬರು.
ಬೇಸಿಗೆಯಿಡೀ ಬೆಟ್ಟದಲ್ಲಿ ಬಿಟ್ಟ ಕುರಿಗಳು
ಮಂಜಿನೊಳಗಿಂದ ಇಳಿಯುತ್ತಿವೆ, ಬೂದಿ ಬಣ್ಣದ ಹೊಳೆಯ ಹಾಗೆ.
ಕಲ್ಲಿನ ದುಂಡು ರೊಪ್ಪ, ಗಾಲಿಯ ಅರೆಗಳಂತೆ ಒಳಗೋಡೆಗಳು,
ಒಂದೊಂದು ಸಂದು ಒಂದೊಂದು ಮನೆಯದು.
ಕೊಂಬು ಹಿಡಿ, ಕಾಲ ಸಂದಿಯಲ್ಲಿ ಒತ್ತು, ಕಿವಿ ನೋಡು,
ನಿಮ್ಮದಾದರೆ ಎಳೆದುಕೋ.
ನೋಡುವುದೂ ಬೇಕಿರಲಿಲ್ಲ ನಮ್ಮ ಗುಡ್ನಿ ಅತ್ತೆಗೆ,
ಕತ್ತಲಲ್ಲಿ ಹೆಬ್ಬೆರಳಾಡಿಸಿ ಓದಿಬಿಡುವಳು:
ಎಡಗಿವಿ ಸೀಳು, ಬಲಗಿವಿ ತುದಿ ಮೊಟಕು, ಕೆಳಗೊಂದು ಕಚ್ಚು,
ನಮ್ಮದೇ.
ಸತ್ತು ಮೂರು ವರ್ಷ. ಆದರೂ ಬಂದಿದ್ದಳು,
ಒದ್ದೆ ಉಣ್ಣೆ, ಶಾಜೀರಿಗೆ ಸಾರಾಯಿ ನಾರುತ್ತ,
ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು.

ಆಗ ಒಂದು ಕುರಿ ನೇರ ನನ್ನ ಮೇಲೇ ಬಂತು.
ಕಪ್ಪು. ಹಸಿ. ಮೈ ಕೆಂಡ.
ಬ್ಯಾ ಅನ್ನಲಿಲ್ಲ, ಉಸಿರೂ ಬಿಡಲಿಲ್ಲ,
ಒಳಗಿನಿಂದ ಬರೀ ಧಡ್ ಧಡ್ ಧಡ್.
ಮಂಡಿಗಳ ನಡುವೆ ಒತ್ತಿ ಹಿಡಿದೆ.
ಒಂಬತ್ತು ತಿಂಗಳ ಮೇಲೆ
ನನ್ನ ಮೂಳೆಗೆ ಬಡಿತ ಅಂದರೇನೆಂದು ನೆನಪಾಯಿತು, ಅತ್ತೇಬಿಟ್ಟೆ.
ಕಿವಿ ಮುಟ್ಟಿದರೆ ಅಲ್ಲಿ ಗುರುತಿದೆ.
ನಮ್ಮದಲ್ಲ.

ಓದು, ಅಂದಳು ಗುಡ್ನಿ.
ಒಲ್ಲೆ ಅಂದೆ.
ಗೋಡೆಯಾಚೆ ನೀಲಿ ರೇನ್‌ಕೋಟಿನ ಹುಡುಗನೊಬ್ಬ
ತನ್ನ ಸಂದಿನ ಕುರಿಗಳನ್ನು ಎಣಿಸುತ್ತಿದ್ದ,
ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿಂದ,
ಒಂದು ಕಡಿಮೆ, ಒಂದು ಕಡಿಮೆ.
ಮುಖ ಕಾಣಲಿಲ್ಲ, ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು.
ನಾನು ಕುರಿಯನ್ನು ಕಾಲ ಹಿಂದಕ್ಕೆ ತಳ್ಳಿ ಮರೆಮಾಡಿದೆ,
ಹೌದು, ಮರೆಮಾಡಿದೆ.
ಕಿಸೆಯಲ್ಲಿ ಚಾಕು ತಡಕಿದೆ. ಎರಡು ಕೊಯ್ತ ಹಾಕಿದರೆ
ಯಾರ ಗುರುತನ್ನಾದರೂ ನಮ್ಮದಾಗಿಸಬಹುದು.
ನಮ್ಮ ಕಡೆ ಅದಕ್ಕಿಂತ ಹೇಸಿಗೆಯ ಕಳ್ಳತನ ಇನ್ನೊಂದಿಲ್ಲ.

ಅತ್ತೆ ನನ್ನ ಕೈ ಹಿಡಿದಳು. ತಣ್ಣನೆ ಕೈ, ಒರಟು.
ಹಾಲಿ, ಕೊಯ್ಯಬೇಡವೋ, ಅಂದಳು.
ಇದ್ದ ಗುರುತು ಇದ್ದ ಹಾಗೇ ಇರಲಿ.
ಚಳಿಗಾಲ ಬಂತು, ಒಳಗೆ ಕಟ್ಟು, ಹುಲ್ಲು ಹಾಕು.
ಯಾರದು ಅಂತ ಕೇಳಿದರೆ
ನಮ್ಮದಲ್ಲ, ನಮ್ಮಲ್ಲಿದೆ ಅನ್ನು.
ಅಷ್ಟು ಹೇಳಿ ಆ ಹುಡುಗನ ಕಡೆ ಹೋದಳು,
ಸಾರಾಯಿ ಬುರುಡೆ ಚಾಚಿಕೊಂಡು, ಕುಂಟುತ್ತ.

ಪೀಂ ಪೀಂ. ಬ್ಯಾಟರಿ ಮುಗಿಯುತ್ತ ಬಂದಿದೆ.
ನರ್ಸ್ ಬಂದು ಒಂದೊಂದಾಗಿ ಬದಲಿಸಿದಳು,
ಎರಡನ್ನೂ ಒಟ್ಟಿಗೆ ಕಳಚುವ ಹಾಗಿಲ್ಲ.
‘ರಾತ್ರಿಯೆಲ್ಲ ಬ್ಯಾ ಬ್ಯಾ ಅಂತಿದ್ದೆಯಲ್ಲ ಮಾರಾಯ,’
ಕೊಳವೆಯ ಹಿಂದಿಂದ ಬೆರ್ಟಿಲ್ ನಕ್ಕ,
ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ನಿಲ್ಲದೆ.

ಫೋನು ಸುಮ್ಮನಿತ್ತು.
ರೇಡಿಯೋದಲ್ಲಿ ಹವಾಮಾನ ಶುರುವಾಗುವ ಮೊದಲೇ
ಅವನು ಕೈ ಚಾಚಿ ಆರಿಸಿದ.
ನನ್ನ ಹೆಬ್ಬೆರಳು ಇನ್ನೂ ಆ ಕಿವಿಯ ಮೇಲೇ ಇತ್ತು,
ಓದಿರಲಿಲ್ಲ.