ಮನೆತನದ ಹೆಸರು: ಅಕ್ಕಿ

ಗಡಿಬಾಗಿಲಲ್ಲಿ ಕರಣಿಕ ಕೇಳಿದ: ಯಾವೂರು?
ಮಾಯ್‌ಮುರ್ಗ್ ಅಂದೆ.
ಅವನ ಬಾಯಿಗೆ ದೊಡ್ಡ ತುತ್ತು.
ತುದಿಯಷ್ಟೇ ಕಚ್ಚಿ, ಉಳಿದದ್ದು ಉಗುಳಿ
ಪಟ್ಟಿಯಲ್ಲಿ ಬರೆದ: ಮಿ.
ಅವರ ಬರಹದಲ್ಲಿ ಹಾಗೆಂದರೆ ಅಕ್ಕಿ.

ಗೋದಿರೊಟ್ಟಿ ತಿಂದು ಬೆಳೆದವನು ನಾನು,
ಗದ್ದೆ ಕಂಡದ್ದೇ ನಲವತ್ತು ದಾಟಿದ ಮೇಲೆ.
ಆದರೂ ಮೂವತ್ತು ವರ್ಷದಿಂದ ಅಕ್ಕಿ:
ತೆರಿಗೆಯಲ್ಲಿ, ಸಾಲಪತ್ರದಲ್ಲಿ,
ಹೆಂಡತಿಯ ಗೋರಿಕಲ್ಲಲ್ಲಿ ‘ಅಕ್ಕಿಯವರ ಮನೆಯಾಕೆ’.
ಮಗಳು ಬೂದಿಯ ಮೇಲೆ ಬೆರಳಲ್ಲಿ ಕಲಿತ ಮೊದಲ ಅಕ್ಷರವೂ ಅದೇ:
ಒಂದು ಅಡ್ಡಗೆರೆ, ಒಂದು ಉದ್ದಗೆರೆ,
ಸುತ್ತ ನಾಲ್ಕು ಕಾಳು,
ಹಕ್ಕಿ ಹೆಕ್ಕಲು ಮರೆತ ಹಾಗೆ.

ಅವ್ವ ಇಟ್ಟದ್ದು ವರ್ಜಕ್.
ಹಾಗೆ ಕೂಗುವವನು ಈಗ ಒಬ್ಬನೇ,
ಜೀನು ಹೊಲಿಯುವ ಮುದುಕ.
ಅವನಿಗೆ ಹಲ್ಲಿಲ್ಲ,
ಹೆಸರು ಗಾಳಿಯಾಗಿ ಬರುತ್ತದೆ.

ದೂರುತ್ತಿಲ್ಲ.
ಬುಖಾರದ ಕಡೆಯವರಿಗೆ ‘ಆನ್’ ಎಂಬ ಹೆಸರು ಸಿಕ್ಕಿತ್ತು;
ಹಾಗೆಂದರೆ ನೆಮ್ಮದಿ.
ಆ ಹೆಸರಿನ ದಂಡನಾಯಕ ದಂಗೆಯೆದ್ದ ಮೇಲೆ
ನೆಮ್ಮದಿಯವರೆಲ್ಲ ರಾತ್ರೋರಾತ್ರಿ ಬೇರೇನೋ ಆದರು.
ಅಕ್ಕಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ನನ್ನ ಕಸುಬು ಮಾತು ದಾಟಿಸುವುದು,
ಹರಿಗೋಲಿನವನ ಹಾಗೆ
ಆ ದಡದ ಹೊರೆ ಈ ದಡಕ್ಕೆ.
ನಡುವೆ ಒಂದಿಷ್ಟು ನೀರಿಗೆ.

ಹಿಮ ಬೀಳುವ ಮುಂಚೆ ಉಯಿಘುರರು ಬಂದರು.
ಅವರ ಧೂಳು ಅವರಿಗಿಂತ ಅರ್ಧ ದಿನ ಮೊದಲು ಬಂದಿತ್ತು.
ಇನಾಲ್ ತರ್ಖಾನ ಕುದುರೆಯಿಂದ ಇಳಿಯದೆ ಹೇಳಿದ:
“ನಿಮ್ಮ ರಾಜಧಾನಿ ಉಳಿಸಿಕೊಟ್ಟವರು ನಾವು.
ಕುದುರೆಗೆ ನಲವತ್ತು ಥಾನು ರೇಷ್ಮೆ.
ಹೋದ ಸಲದ ಬಾಕಿ ಮೊದಲು ಇಡಿ.”
ನಾನು ಹಣೆ ನೆಲಕ್ಕೆ ಮುಟ್ಟಿಸಿ ದಾಟಿಸಿದೆ:
“ದೂರದ ಸೇವಕರು, ಮಹಾಸ್ವಾಮಿ,
ಕುದುರೆ ಕಾಣಿಕೆ ತಂದಿದ್ದಾರೆ.
ಅವರ ಕಡೆ ಚಳಿ ಬಹಳವಂತೆ.”
ಲೂ ಹೆಂಗ್ ಕುಂಚ ಅದ್ದಿ ಬರೆದುಕೊಂಡ: ಕಪ್ಪ ಒಪ್ಪಿಸಿದರು.
ಬರೆಯುತ್ತಲೇ ಅಂದ,
“ಮುದಿ ಕುದುರೆಗಳು. ಈ ದರೋಡೆಕೋರರಿಗೆ
ಗೋದಾಮಿನ ಕಸ ಹೊರಿಸಿ ಅಟ್ಟು.”
ತರ್ಖಾನನತ್ತ ತಿರುಗಿ ನಾನು:
“ಬೀಗರ ಕ್ಷೇಮ ಕೇಳಿದ್ದಾರೆ.”
(ಅದು ಪೂರ್ತಿ ಸುಳ್ಳಲ್ಲ; ಅರಮನೆಯ ಹೆಣ್ಣೊಂದು
ಅವರ ಡೇರೆಯಲ್ಲಿ ಹಾಲು ಹುಳಿ ಎಂದು ಅಳುತ್ತಾ ಇದೆ.)

ಇಬ್ಬರೂ ತಲೆಯಾಡಿಸಿದರು.
ಇಪ್ಪತ್ತು ವರ್ಷ ಹೀಗೇ. ಯಾರೂ ಸತ್ತಿಲ್ಲ,
ಕೆಲವು ಕುದುರೆ ಬಿಟ್ಟರೆ.

ಆಗ ತರ್ಖಾನನ ತಂಗಿಯ ಮಗ, ಯೆಗೆನ್,
ಇನ್ನೂ ಮೀಸೆ ಮೂಡದವನು,
ಒಂದು ಥಾನು ಬಿಚ್ಚಿ ಬಿಸಿಲಿಗೆ ಹಿಡಿದ.
ನೂಲು ಎಷ್ಟು ವಿರಳವೆಂದರೆ
ಆಚೆ ನಿಂತ ಲೂ ಹೆಂಗನ ಗಡ್ಡದ ಕೂದಲು ಎಣಿಸಬಹುದಿತ್ತು.
ಎರಡು ಚಳಿಗಾಲ ಒತ್ತೆಯಾಳಾಗಿ ರಾಜಧಾನಿಯಲ್ಲಿದ್ದನಂತೆ;
ಅಲ್ಲಿನ ಓಣಿಯ ರಾಗದಲ್ಲೇ, ಮೆಲ್ಲಗೆ,
ಕರಣಿಕನ ಭಾಷೆಯಲ್ಲಿ ನನಗೆ ಹೇಳಿದ:
“ಅಕ್ಕಿ ಅಜ್ಜ, ಮಾವ ಹೇಳಿದ್ದು ಅದಲ್ಲ.”

ನನ್ನ ನಾಲಿಗೆ ಯಾವ ದಡದಲ್ಲೂ ಇರಲಿಲ್ಲ.
ಮಾವನ ಕೈ ಕತ್ತಿಯಿಂದ ಒಂದು ಗೇಣು ದೂರ.
ಕುದುರೆಯೊಂದು ಗಂಜಳ ಹೊಯ್ಯಿತು, ಬಹಳ ಹೊತ್ತು.

ಹುಡುಗ ಬಟ್ಟೆ ಮಡಿಸಿದ,
ಹರಿಯದಂತೆ, ಮಡಿಕೆಯ ಮೇಲೇ ಮಡಿಕೆ.
ಮಾವನಿಗೆ ಏನೂ ಹೇಳಲಿಲ್ಲ.
“ನಿನ್ನ ಮಾತಲ್ಲಿ ಕುದುರೆಗೆ ಏನಂತಾರೆ?”
ಅಸ್ಪ್.
“ಅಸ್ಪ್,” ಅಂದ. ಕಡಿವಾಣ ಹಿಡಿದು ಇನ್ನೊಮ್ಮೆ ಅಂದ.
ಕುದುರೆ ಕಿವಿ ತಿರುಗಿಸಿತು.
“ನಿನಗೆ?”

ಬಾಯಿ ತೆರೆದೆ.
ಅಷ್ಟರಲ್ಲಿ ಹಿಂದಿನಿಂದ ಲೂ ಹೆಂಗ್:
“ತೆರೆಸು ಬಾಯಿ, ಹಲ್ಲು ನೋಡಬೇಕು!”
ಅವನು ಹೇಳಿದ್ದು ಮುಂದಿನ ಕುದುರೆಗೆ.