ತಲೆಗೂ ಬಾಲಕ್ಕೂ ನಡುವೆ

ಬಲಪಕ್ಕೆಯಲ್ಲಿ ಮೊದಲು ಎದ್ದದ್ದು ಸಾಸಿವೆಯಷ್ಟು.
ಆಮೇಲೆ ಸಾಲು.

ಅರಸೀಕೆರೆಯ ರೈಲ್ವೆ ಗೇಟಿನಾಚೆ ನನ್ನ ಔಷಧಿ ಅಂಗಡಿ.
ಹದಿನೇಳು ವರ್ಷದಿಂದ ಊರಿನ ನೋವನ್ನೆಲ್ಲ
ಡಬ್ಬಿ ಡಬ್ಬಿಯಾಗಿ ಜೋಡಿಸಿಟ್ಟವನು;
ಕರೆಂಟು ಹೋದರೂ ಯಾವ ಗೂಡಲ್ಲಿ ಯಾವುದೆಂದು ಕೈಗೆ ಗೊತ್ತು.
ಡಾಕ್ಟರು ಬರೆದ ಗುಳಿಗೆಯನ್ನು ನಾನೇ ತೆಗೆದು
ನನಗೇ ಬಿಲ್ಲು ಹಾಕಿಕೊಂಡೆ.
ದಿನಕ್ಕೈದು.

ರಾತ್ರಿ ಹೊತ್ತು ಬನಿಯನ್ನೇ ಬೆಂಕಿ.
ಎರಡು ಗಂಟೆಯ ಗೂಡ್ಸಿನ ಬೋಗಿ ಎಣಿಸುತ್ತ ಕೂತೆ:
ನಲವತ್ತೆರಡು.
"ಸರ್ಪಸುತ್ತು," ಎಂದಳು ಹೆಂಡತಿ, ದೀಪ ಹಾಕದೆ,
"ಕುಂಬಾರ ಬೀದಿಗೆ ಹೋಗಿಬನ್ನಿ. ನಾನು ಯಾರಿಗೂ ಹೇಳಲ್ಲ."

ಹೋದೆ, ಭಾನುವಾರ, ಹೊತ್ತು ಮೂಡುವ ಮುಂಚೆ,
ಹೆಲ್ಮೆಟ್ಟು ತೆಗೆಯದೆ.

ಸಣ್ಣೀರಮ್ಮನ ಮನೆಯಲ್ಲಿ ಈಗ ತಿಗುರಿ ತಿರುಗುವುದಿಲ್ಲ,
ಅದರ ಮೇಲೆ ಮೊಮ್ಮಗಳ ಸ್ಕೂಲು ಬ್ಯಾಗು.
ಮೊಣಕಾಲು ಹಿಡಿದು ಎದ್ದವಳು ನನ್ನ ಮುಖ ನೋಡಲಿಲ್ಲ,
ಪಕ್ಕೆ ನೋಡಿದಳು.
"ಎಷ್ಟು ದಿನ ಆಯ್ತು?"
"ನಾಲ್ಕು."
ಅಂಗೈ ಇಟ್ಟಳು, ಉರಿಯ ಅಂಚಿನಲ್ಲಿ, ಸುಮ್ಮನೆ.
ಹದಿನೇಳು ವರ್ಷದಲ್ಲಿ ಯಾರ ಹುಣ್ಣನ್ನೂ ನಾನು ಮುಟ್ಟಿಲ್ಲ.
ಗಾಜಿನ ಆಚೆಯಿಂದ ಚೀಟಿ ಬರುತ್ತದೆ,
ಈಚೆಯಿಂದ ಪೊಟ್ಟಣ ಹೋಗುತ್ತದೆ.

ಗೋಡೆಗೂಡಿನಿಂದ ಕೆಮ್ಮಣ್ಣಿನ ಉಂಡೆ ತೆಗೆದಳು,
ತೆಂಗಿನಕಾಯಿ ಹೋಳಿನಷ್ಟು ಉಳಿದಿತ್ತು.
"ನಮ್ಮ ಮಾವ ತಂದಿಟ್ಟದ್ದು, ಏರಿ ಹಿಂದಿನ ಮಣ್ಣು.
ಈಗಲ್ಲಿ ಲೇಔಟು.
ಮಣ್ಣು ಕೇಳಿದರೆ ಸೈಟು ನಂಬರು ಹೇಳ್ತಾರೆ."
ಕಲ್ಲಿನ ಮೇಲೆ ತೇಯ್ದಳು. ಬಾಯಲ್ಲಿ ಏನೋ ಗುನುಗು.
ಮಂತ್ರವೆಂದು ಕಿವಿಗೊಟ್ಟೆ:
ಹಾಲಿನವನಿಗೆ ಕೊಡಬೇಕಾದ ಲೆಕ್ಕ.

ಕೋಳಿಪುಕ್ಕ ಅದ್ದಿ ಬೆನ್ನ ಕಡೆ ಬಾಲ ಬರೆದಳು,
ಹೊಟ್ಟೆಯ ಕಡೆ ಹೆಡೆ.
ನಡುವೆ ನಾಲ್ಕು ಬೆರಳು ಬಿಟ್ಟು ಅಡ್ಡಗೆರೆ ಎಳೆದಳು.
"ತಲೆ ಬಾಲ ಕೂಡಬಾರದು ಕಣಪ್ಪ,
ಕೂಡಿದರೆ ಆಳು ಉಳಿಯಲ್ಲ ಅಂತಿದ್ದರು ಹಳಬರು.
ನಾನಂತೂ ಕೂಡಿದ್ದು ಕಂಡಿಲ್ಲ."

ನನಗೆ ಗೊತ್ತಿತ್ತು. ಅದು ನರದ ದಾರಿ,
ಬೆನ್ನುಹುರಿಯಿಂದ ಹೊರಟು ಮೈಯ ನಡುಗೆರೆಗೆ ಬಂದು ನಿಲ್ಲುತ್ತದೆ,
ದಾಟುವುದು ಅಪರೂಪ.
ಹೇಳೋಣವೆಂದು ಬಾಯಿ ತೆರೆದೆ.
ತಣ್ಣಗೆ ಪುಕ್ಕ ತಾಗಿತು.
ಹೇಳಲಿಲ್ಲ.

"ಗುಳಿಗೆ ತಗಂತಿದ್ದೀಯಾ?"
"ಹೂಂ."
"ಬಿಡಬೇಡ. ಅದರ ಕೆಲಸ ಅದು ಮಾಡ್ಲಿ.
ಬದನೆಕಾಯಿ ಬ್ಯಾಡ, ಒಣಮೀನು ಬ್ಯಾಡ, ಸಿಟ್ಟು ಬ್ಯಾಡ.
ಇನ್ನೆರಡು ದಿನ ಬಾ."
ಜೇಬಿಗೆ ಕೈ ಹಾಕಿದೆ. ಹಿಂದಕ್ಕೆ ಸರಿದಳು:
"ಎರಡು ಎಲೆ, ಒಂದಡಿಕೆ. ಅಷ್ಟೇ.
ಕಾಸು ಮುಟ್ಟಿದರೆ ಕೈಯಾಗಿರೋದು ಹೋಯ್ತದೆ."

ಹನ್ನೊಂದನೇ ದಿನ ಹಕ್ಕಳೆ ಉದುರಿತು.
ಗುಳಿಗೆಯೋ, ಮಣ್ಣೋ, ಸುಮ್ಮನೆ ದಿನ ತುಂಬಿತೋ.
ಕೇಳಿದವರಿಗೆ ಮೂರನ್ನೂ ಹೇಳುತ್ತೇನೆ;
ಯಾವುದು ಮೊದಲೆಂಬುದು
ಕೇಳಿದವರ ಮುಖದ ಮೇಲೆ.

ತಿಂಗಳ ಐದಕ್ಕೆ ಅವಳು ಅಂಗಡಿಗೆ ಬಂದಳು.
ಸೆರಗಿನ ಗಂಟಿನಲ್ಲಿ ಬಿಪಿ ಗುಳಿಗೆಯ ಖಾಲಿ ಶೀಟು.
ಎಷ್ಟೋ ವರ್ಷದಿಂದ ಇಲ್ಲಿಗೇ ಬರುತ್ತಿದ್ದಳಂತೆ.
ಮುಖ ನೆನಪಿರಲಿಲ್ಲ ನನಗೆ;
ಶೀಟಿನ ಬಣ್ಣ ನೆನಪಿತ್ತು.

"ದುಡ್ಡು ಬೇಡಮ್ಮ" ಅಂದೆ.
"ಅದ್ಯಾಕೆ? ನಿಂದು ಅಂಗಡಿ. ನೀನು ಮುಟ್ಟಬೌದು."
ಗಾಜಿನ ಮೇಲೆ ನಾಣ್ಯ ಎಣಿಸಿ ಜೋಡಿಸಿದಳು,
ಒಂದು ರೂಪಾಯಿ ಕಮ್ಮಿ. ನಾಳೆ ಕೊಡ್ತೀನಿ ಅಂದಳು.
"ಅರ್ಧ ಶೀಟು ಸಾಕು."

ಕತ್ತರಿ ಹಿಡಿದೆ.
ಒಂದು ತುದಿಯಲ್ಲಿ ಮದ್ದಿನ ಹೆಸರು,
ಇನ್ನೊಂದರಲ್ಲಿ ಅವಧಿ ಮುಗಿಯುವ ತಾರೀಕು.
ತಾರೀಕಿನ ತುದಿ ಅಂಗಡಿಯಲ್ಲೇ ಉಳಿಯಬೇಕು,
ನಾನು ಕಲಿತ ಮೊದಲ ಪಾಠ ಅದು.
ಅವತ್ತು ಅದನ್ನೇ ಅವಳ ಕೈಗಿಟ್ಟೆ.

ಅಂಗೈಯ ಗೆರೆಗಳಲ್ಲಿ ಹಸಿ ಕೆಂಪು.
ಆ ಬೆಳಗ್ಗೆ
ಇನ್ಯಾರೋ ಹೋಗಿದ್ದರು.