ಕಂತು

ಬೆಂಕಿಪುರವನ್ನು ಅಳಿಸಿ ಭದ್ರಾವತಿ ಎಂದು ಬರೆದಿದ್ದರು
ಸ್ಟೇಷನ್ನಿನ ಹಲಗೆಗೆ. ಓರೆ ಬಿಸಿಲು ಬಿದ್ದಾಗ
ಬಣ್ಣದಡಿಯ ಹಳೆಯ ಹೆಸರು ಎದ್ದು ಕಾಣುತ್ತಿತ್ತು.
ನಾನು ಕಾರ್ಖಾನೆಯ ತೂಕದ ಗುಮಾಸ್ತ. ಇಪ್ಪತ್ತೆರಡು ರೂಪಾಯಿ.
ಕುಲುಮೆಯ ಬಾಯಿಂದ ಮರಳಿಗಿಳಿದು ಹೆಪ್ಪಾದ ಕಬ್ಬಿಣದ ಗಟ್ಟಿ
ಎಣಿಸುವುದು, ತೂಗುವುದು, ಬರೆಯುವುದು.

ಅದಕ್ಕೆ ಪಿಗ್ ಅನ್ನುತ್ತಾರೆ. ಹಂದಿ.
ನಡುಗಾಲುವೆ ತಾಯಿ, ಇಕ್ಕೆಲದ ಅಚ್ಚುಗಳು
ಮೊಲೆಗೆ ಬಿದ್ದ ಮರಿಗಳು, ಎಂದು ಮಸ್ತಾನ್ ಸಾಬಿಗೆ ವಿವರಿಸಿದೆ.
ಗಡ್ಡ ತುರಿಸಿಕೊಂಡ. "ಹೇಳದಿದ್ದರೆ ಚೆನ್ನಾಗಿತ್ತು, ಸ್ವಾಮಿ,
ಇದೇ ಕೈಯಲ್ಲಿ ರೊಟ್ಟಿ ಮುರೀಬೇಕು."

ಗಟ್ಟಿಯೆಲ್ಲ ಅಮೆರಿಕಕ್ಕೆ.
ಅಲ್ಲಿ ಕರಗಿ ಮೋಟಾರಾಗುತ್ತದಂತೆ,
ಪಾತ್ರೆ ತೊಳೆಯುವವಳ ಮನೆಯ ಮುಂದೂ ಒಂದು ನಿಂತಿರುತ್ತದಂತೆ.
ಹೇಳಿದವನು ಕ್ಲೇಟನ್ ದೊರೆ, ಬಂಗಲೆಯ ಜಗಲಿಯಲ್ಲಿ, ಶನಿವಾರ ಸಂಜೆ, ಕುಡಿಯುತ್ತ.
ಅವನ ದೇಶದಲ್ಲಿ ಸೀಸೆಗೆ ಕಾಯಿದೆ ಬೀಗ ಜಡಿದಿತ್ತು.
"ನಿಮ್ಮೂರಲ್ಲಿ ನಾನು ಸ್ವತಂತ್ರ" ಎಂದು ನಕ್ಕ.
ಆ ಮಾತಿಗೆ ಇಲ್ಲಿ ಬೇರೆ ಬೆಲೆಯಿದೆ ಎಂದು ಅವನಿಗೆ ಹೊಳೆಯಲಿಲ್ಲ.

ಈಗ ನಮ್ಮಲ್ಲಿ ದುಡ್ಡೇ ಬೇಡ, ಪಟ್ಟಾಭಿ, ಎಂದ.
ರೇಡಿಯೋ, ಕುರ್ಚಿ, ಹೆಂಡತಿಯ ತುಪ್ಪಳದ ಕೋಟು,
ಮೊದಲು ಮನೆಗೆ ಬರುತ್ತದೆ, ಹಣ ಆಮೇಲೆ, ಚೂರು ಚೂರು.
ಅದಕ್ಕೆ ನಾನು ಹುಡುಕಿದ ಕನ್ನಡ: ಕಂತು.
ನಮ್ಮಲ್ಲಿ ದಿನಾ ಕಂತುವವನು ಸೂರ್ಯನೊಬ್ಬನೇ ಎಂದೆ.
ನನ್ನ ಇಂಗ್ಲಿಷಿನಲ್ಲಿ ಅದು ನಗೆಯಾಗಲಿಲ್ಲ.

ಷೇರು ಎಂದ. ನನ್ನ ಕಿವಿಗೆ ಸೇರು ಎಂದೇ ಬಿತ್ತು;
ತೂಗಿ ತೂಗಿ ಕಿವಿಯೂ ತಕ್ಕಡಿ.
ಕ್ಷೌರದವನೂ ಕೊಳ್ಳುತ್ತಾನಂತೆ, ಪೆಟ್ಟಿಗೆಯಲ್ಲಿಟ್ಟರೆ ತಾನೇ ಬೆಳೆಯುತ್ತದಂತೆ.
ವ್ಯಾಪಾರ ಮಾತಾಡುವಾಗ ಸರ್ಕಾರ
ಬಾಯಿ ಮುಚ್ಚಿಕೊಂಡು ಬಾಗಿಲ ಬಳಿ ನಿಂತಿರಬೇಕಂತೆ.
ಹೆಂಗಸರೂ ಓಟು ಹಾಕುತ್ತಾರಂತೆ.
ಇದನ್ನು ಸೌದೆ ಹೊರುವ ಬೈರಿಗೆ ಹೇಳಿದೆ.
"ಹಾಕಿ?" ಎಂದಳು, ಹೊರೆ ಇಳಿಸದೆ.

ನಾನೂ ಬರಲೇ ಎಂದು ಒಮ್ಮೆ ಕೇಳಿದ್ದೆ.
ಗ್ಲಾಸಿನ ತಳ ನೋಡಿದ. ನಿಮ್ಮ ಕಡೆಯವರಿಗೆ ಬಾಗಿಲಿಲ್ಲ, ಕಾಯಿದೆ, ಎಂದ.
ಕಬ್ಬಿಣಕ್ಕಿದೆ.
ಅಂದಿನಿಂದ ಕಂಡ ಗಟ್ಟಿಯ ಬೆನ್ನಿಗೆಲ್ಲ ಸೀಮೆಸುಣ್ಣದಲ್ಲಿ
ಒಂದು 'ಪ' ಬರೆದು ಕಳಿಸಿದೆ.
ಕರಗಿದರೆ ಉಳಿಯುವುದಿಲ್ಲ. ಗೊತ್ತಿತ್ತು.

ಪಟಾಕಿಯ ಮಸಿ ಗೋಡೆಯಲ್ಲಿರುವಾಗಲೇ ತಂತಿ ಬಂತು.
ಕ್ಲೇಟನ್ ಓದಿದ, ಮಡಿಸಿದ, ಬಿಚ್ಚಿ ಮತ್ತೆ ಓದಿದ.
ಅವನಪ್ಪನ ಮನೆ, ತಮ್ಮನ ಅಂಗಡಿ, ಎಲ್ಲ ಆ ಸೇರಿನೊಳಗೆ.
ಮುಂದಿನ ಹಡಗು ಬೇಡ.
ಅದರ ಮುಂದಿನದೂ.

ಗಟ್ಟಿಗಳು ಸೈಡಿಂಗಿನಲ್ಲೇ ಉಳಿದವು,
ಇಬ್ಬನಿಗೆ ತುಕ್ಕೇರಿ, ತುಕ್ಕಿನ ನಡುವೆ ಅಲ್ಲಲ್ಲಿ ನನ್ನ ಅಕ್ಷರ
ಹೋಗಲಾಗದೆ, ಅಳಿಯಲೂ ಆಗದೆ.
ಬೈರಿಗೆ ಹೊರೆಗೆ ಮೂರು ಕಾಸು ಇಳಿಯಿತು.
ಯಾರು ಇಳಿಸಿದ್ದು ಎಂದು ನನ್ನ ಮೇಜಿನ ಮುಂದೆ ನಿಂತಳು.
ನ್ಯೂಯಾರ್ಕಿನ ಒಂದು ಬೀದಿ ಎಂದೆ. ಬೇರೆ ಹೇಗೆ ಹೇಳಲಿ?
ಸಿಂಬಿ ತಲೆಗಿಟ್ಟುಕೊಂಡು ಕೇಳಿದಳು:
"ನಡ್ಕೊಂಡು ಹೋದ್ರೆ ಎಷ್ಟೊತ್ತಾಗ್ತದೆ?"